ಸಂಜೆಯ ಚಹಾ ಮತ್ತು ಬೆಡ್‌ಫರ್ಡ್‌ನ ಡಚೆಸ್ ಅನ್ನಾ ಮರಿಯಾ

ಮುಂಬಯಿ, ದೆಹಲಿ, ಚೆನ್ನೈಗಳಂತಹ ಮಹಾನಗರಗಳ ದೊಡ್ಡ ಹೋಟೆಲುಗಳಲ್ಲಿ ಸಂಜೆಯ ಹೊತ್ತು 'ಹೈ ಟೀ' ಎಂಬ ಹೆಸರಿನಲ್ಲಿ ಬಡಿಸುವ ಉಪಾಹಾರವು ನಮ್ಮಲ್ಲಿ ಹಲವರಿಗೆ ಪರಿಚಿತವಾದುದೇ. ಮೂರು ಅಂತಸ್ತಿನ ತಟ್ಟೆ, ಬೆರಳಗಲದ ಸ್ಯಾಂಡ್‌ವಿಚ್, ಸ್ಕೋನ್, ಕೇಕು, ಪಿಂಗಾಣಿಯ ಕೆಟಲಿನಲ್ಲಿ ಚಹಾ. ಮಗಳ ನಿಶ್ಚಿತಾರ್ಥದ ಮಾತುಕತೆಗೋ, ಹಿರಿಯರ ಷಷ್ಟ್ಯಬ್ದಿಯ ನೆಪದಲ್ಲೋ ಕುಟುಂಬಸಮೇತ ಹೋಗಿ ಕುಳಿತು ಬರುವ ರೂಢಿಯೂ ಬೆಳೆದಿದೆ. ಈ ಪದ್ಧತಿಯನ್ನು ಆರಂಭಿಸಿದವಳೆಂದು ಲೋಕವೆಲ್ಲ ಹೇಳುವ ಹೆಸರು ಒಂದೇ: ಬೆಡ್‌ಫರ್ಡ್‌ನ ಏಳನೆಯ ಡ್ಯೂಕನ ಪತ್ನಿ ಅನ್ನಾ ಮರಿಯಾ ರಸೆಲ್. ಆದರೆ ಆಕೆಯ ಬಾಳಿನಲ್ಲಿ ಚಹಾಕ್ಕಿಂತ ಗಂಭೀರವಾದ ಪ್ರಸಂಗವೊಂದಿದೆ. ಚಹಾದ ಕಥೆ ಉಳಿದು ಆ ಪ್ರಸಂಗ ಮರೆತುಹೋಗಿದೆ.

ಮೊದಲಿಗೆ ಹೆಸರಿನ ಗೊಂದಲವನ್ನು ಪರಿಹರಿಸಿಕೊಳ್ಳುವುದು ಒಳ್ಳೆಯದು. ನಮ್ಮ ಹೋಟೆಲುಗಳು ಹೈ ಟೀ ಎಂದು ಕರೆಯುವುದು ಇಂಗ್ಲೆಂಡಿನಲ್ಲಿ ಹೈ ಟೀ ಅಲ್ಲ; ಅದು 'ಆಫ್ಟರ್‌ನೂನ್ ಟೀ'. ಕಾರ್ಖಾನೆಯ ಕೆಲಸ ಮುಗಿಸಿ ಸಂಜೆ ಐದೂವರೆ ಆರರ ಹೊತ್ತಿಗೆ ಮನೆಗೆ ಬರುವ ಶ್ರಮಿಕನು ಊಟದ ಮೇಜಿನ ಮುಂದೆ ಕುಳಿತು ಮಾಂಸ, ರೊಟ್ಟಿ, ಚೀಸುಗಳೊಂದಿಗೆ ಕುಡಿಯುತ್ತಿದ್ದ ಕಡು ಚಹಾವೇ ನಿಜವಾದ ಹೈ ಟೀ. ಅದು ಅವನ ರಾತ್ರಿಯ ಊಟವೇ ಹೌದು. ಎತ್ತರದ ಊಟದ ಮೇಜಿನಿಂದಾಗಿ ಆ ಹೆಸರು ಬಂದಿತೆಂಬ ವಿವರಣೆ ರೂಢಿಯಲ್ಲಿದೆ. ಶ್ರೀಮಂತರ ಮಧ್ಯಾಹ್ನದ ಚಹಾ ದಿವಾನಖಾನೆಯ ತಗ್ಗು ಮೇಜುಗಳ ಬಳಿ ನಡೆಯುತ್ತಿತ್ತು. 'ಹೈ' ಎಂಬ ಪದವನ್ನು ನಾವು ಅಂತಸ್ತಿನ ಸೂಚನೆಯಾಗಿ ಭಾವಿಸಿದ್ದರಿಂದ ಬಡವನ ಊಟದ ಹೆಸರು ಸಿರಿವಂತರ ತಿಂಡಿಗೆ ಅಂಟಿಕೊಂಡಿತು!

ಅನ್ನಾ ಮರಿಯಾ ಸ್ಟ್ಯಾನ್‌ಹೋಪ್ 1783ರ ಸೆಪ್ಟೆಂಬರ್ 3ರಂದು ಜನಿಸಿದಳು. ತಂದೆ ಹ್ಯಾರಿಂಗ್‌ಟನ್ನಿನ ಮೂರನೆಯ ಅರ್ಲ್ ಚಾರ್ಲ್ಸ್ ಸ್ಟ್ಯಾನ್‌ಹೋಪ್, ಸೇನಾಧಿಕಾರಿ. ತಾಯಿ ಜೇನ್ ಫ್ಲೆಮಿಂಗ್, ರೆನಾಲ್ಡ್ಸ್‌ನಂತಹ ಖ್ಯಾತ ಕಲಾವಿದನ ಕುಂಚಕ್ಕೆ ವಸ್ತುವಾದ ಸುಂದರಿ ಹಾಗೂ ರಾಣಿ ಷಾರ್ಲೆಟ್‌ಳ ಪರಿವಾರದವಳು. ಅರಮನೆಯ ಒಡನಾಟ ಈ ಮನೆತನಕ್ಕೆ ಹೊಸದಾಗಿರಲಿಲ್ಲ. ಚಹಾವಂತೂ ಅವರಿಗೆ ವ್ಯಸನವೇ ಆಗಿತ್ತು. ಲಂಡನ್ನಿನ ಹ್ಯಾರಿಂಗ್‌ಟನ್ ಹೌಸ್‌ನಲ್ಲಿ ಹೊತ್ತುಗೊತ್ತಿಲ್ಲದೆ ಚಹಾ ನಡೆಯುತ್ತಿತ್ತೆಂಬುದು ಅಂದಿನ ಸಮಾಜದಲ್ಲಿ ಮನೆಮಾತು. ಆ ಕಾಲದ ನೆನಪುಗಳನ್ನು ಬರೆದಿಟ್ಟ ಕ್ಯಾಪ್ಟನ್ ಗ್ರೋನೋ ಒಂದು ಸ್ವಾರಸ್ಯಕರ ಪ್ರಸಂಗವನ್ನು ಹೇಳುತ್ತಾನೆ. ಅನ್ನಾಳ ಸೋದರ ಲಿಂಕನ್ ಸ್ಟ್ಯಾನ್‌ಹೋಪ್ ಹಲವು ವರ್ಷ ಭಾರತದಲ್ಲಿ ಸೈನ್ಯಸೇವೆ ಸಲ್ಲಿಸಿ ಮನೆಗೆ ಮರಳಿದಾಗ, ಹೋಗುವಾಗ ಎಲ್ಲಿ ಕುಳಿತಿದ್ದರೋ ಅಲ್ಲಿಯೇ ಮನೆಯವರೆಲ್ಲ ಕುಳಿತು ಚಹಾ ಕುಡಿಯುತ್ತಿದ್ದರಂತೆ. ತಂದೆ ಮಗನನ್ನು ಕಂಡು ಸಂತೋಷಪಟ್ಟು ಒಂದು ಬಟ್ಟಲು ಚಹಾ ಬೇಕೇ ಎಂದು ಕೇಳಿದ್ದೇ ಅವನಿಗೆ ದೊರೆತ ಸ್ವಾಗತ. ಹಿರಿಯ ಸೋದರ ಲಾರ್ಡ್ ಪೀಟರ್ಶ್ಯಾಮ್ ತನ್ನ ಕೋಣೆಯ ಗೋಡೆಯುದ್ದಕ್ಕೂ ಬಗೆಬಗೆಯ ಚಹಾಸೊಪ್ಪಿನ ಡಬ್ಬಿಗಳನ್ನು ಹೆಸರು ಬರೆದು ಜೋಡಿಸಿದ್ದ ಷೋಕಿಲಾಲ. ಇಂತಹ ಮನೆಯ ಮಗಳು ಚಹಾವನ್ನು ಹೊಸದಾಗಿ ಕಂಡುಹಿಡಿಯಬೇಕಾದ ಅಗತ್ಯವೇನಿತ್ತು?

ಇನ್ನೊಬ್ಬ ಸೋದರನನ್ನು ಇಲ್ಲಿ ನೆನೆಯಲೇಬೇಕು. ಲೆಸ್ಟರ್ ಸ್ಟ್ಯಾನ್‌ಹೋಪ್ 1817-18ರ ಮರಾಠಾ ಯುದ್ಧದ ಕಾಲದಲ್ಲಿ ಭಾರತದಲ್ಲಿ ಸೇವೆಯಲ್ಲಿದ್ದವನು. ಪುಣೆಯ ಪೇಶ್ವೆಯ ಆಳ್ವಿಕೆಯನ್ನು ಕೊನೆಗಾಣಿಸಿದ ಯುದ್ಧವದು. ಆಗಿನ ಗವರ್ನರ್ ಜನರಲ್, ಮಾರ್ಕ್ವೆಸ್ ಆಫ್ ಹೇಸ್ಟಿಂಗ್ಸ್, 1818ರಲ್ಲಿ ಬಂಗಾಳದ ಪತ್ರಿಕೆಗಳ ಮೇಲಿನ ಪೂರ್ವಪರಿಶೀಲನೆಯನ್ನು ತೆಗೆದುಹಾಕಿದನು. ಊರಿಗೆ ಮರಳಿದ ಲೆಸ್ಟರ್, ಬ್ರಿಟಿಷ್ ಭಾರತದ ಪತ್ರಿಕಾರಂಗದ ಕುರಿತು 1823ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿ ಮುದ್ರಣಸ್ವಾತಂತ್ರ್ಯದ ಪರವಾಗಿ ವಾದಿಸಿದನು. ಈ ಹೇಸ್ಟಿಂಗ್ಸ್‌ನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಕಥೆಯಲ್ಲಿ ಮುಂದೆ ಅವನ ಮಗಳು ಬರುತ್ತಾಳೆ.

1808ರಲ್ಲಿ ಅನ್ನಾಳ ವಿವಾಹವು ಟ್ಯಾವಿಸ್ಟಾಕ್‌ನ ಮಾರ್ಕ್ವೆಸ್ ಫ್ರಾನ್ಸಿಸ್ ರಸೆಲ್‌ನೊಂದಿಗೆ ನಡೆಯಿತು. ಮರುವರ್ಷ ಜನಿಸಿದ ವಿಲಿಯಂ ಈ ದಂಪತಿಗಳ ಏಕಮಾತ್ರ ಪುತ್ರ. ರಸೆಲ್ ಮನೆತನ ಇಂಗ್ಲೆಂಡಿನ ಅತಿ ಶ್ರೀಮಂತ ಭೂಮಾಲೀಕರಲ್ಲೊಂದು. ಲಂಡನ್ನಿನ ಬ್ಲೂಮ್ಸ್‌ಬರಿ ಬಡಾವಣೆಯೂ ಕೋವೆಂಟ್ ಗಾರ್ಡನ್ ಮಾರುಕಟ್ಟೆಯೂ ಅವರ ಆಸ್ತಿಯಾಗಿದ್ದವು. ರಾಜಕೀಯದಲ್ಲಿ ಅವರು ವಿಗ್ ಪಕ್ಷದವರು. ಅನ್ನಾಳ ಮೈದುನ ಲಾರ್ಡ್ ಜಾನ್ ರಸೆಲ್ ಮುಂದೆ ಎರಡು ಬಾರಿ ಪ್ರಧಾನಿಯಾದನು. ನಮ್ಮ ಓದುಗರಿಗೆ ಚಿರಪರಿಚಿತನಾದ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇದೇ ಜಾನ್ ರಸೆಲ್‌ನ ಮೊಮ್ಮಗ.

1837ರಲ್ಲಿ ಹದಿನೆಂಟರ ವಿಕ್ಟೋರಿಯಾ ಪಟ್ಟವೇರಿದಾಗ, ಐವತ್ತು ದಾಟಿದ್ದ ಅನ್ನಾ ಅಂತಃಪುರದ ಸಖಿಯರಲ್ಲಿ ಒಬ್ಬಳಾಗಿ ನೇಮಕಗೊಂಡಳು. ಸಖಿ ಎಂದರೆ ಊಳಿಗದವಳಲ್ಲ. ಸರದಿಯ ಮೇಲೆ ರಾಣಿಯ ಜೊತೆಗಿದ್ದು, ಸವಾರಿಗೆ, ಭೋಜನಕ್ಕೆ, ಹರಟೆಗೆ ಒದಗುವ ಉಚ್ಚಕುಲದ ಗೃಹಿಣಿ. ಈ ಸ್ಥಾನಗಳು ಅಂದಿನ ಪ್ರಧಾನಿ ಲಾರ್ಡ್ ಮೆಲ್ಬರ್ನ್‌ನ ಪಕ್ಷದ ಕುಟುಂಬಗಳಿಗೆ ಹಂಚಲ್ಪಟ್ಟಿದ್ದವು. ರಾಣಿಗೂ ಆಕೆಯ ತಾಯಿ ಕೆಂಟ್‌ನ ಡಚೆಸ್‌ಳಿಗೂ ಸರಿಹೊಂದುತ್ತಿರಲಿಲ್ಲ. ತಾಯಿಯ ಆಪ್ತನಾಗಿದ್ದ ಸರ್ ಜಾನ್ ಕಾನ್ರಾಯ್‌ನನ್ನು ಕಂಡರಂತೂ ವಿಕ್ಟೋರಿಯಾಳಿಗೆ ಆಗುತ್ತಲೇ ಇರಲಿಲ್ಲ. ಒಂದೇ ಅರಮನೆಯಲ್ಲಿ ಎರಡು ಬಣ, ನಡುವೆ ಪಿಸುಮಾತಿನ ಓಡಾಟ.

1839ರ ಜನವರಿಯಲ್ಲಿ ತಾಯಿಯ ಬಣದ ಸಖಿ ಲೇಡಿ ಫ್ಲೋರಾ ಹೇಸ್ಟಿಂಗ್ಸ್ ಸ್ಕಾಟ್ಲೆಂಡಿನಿಂದ ಅರಮನೆಗೆ ಮರಳಿದಳು. ಹಿಂದೆ ಹೇಳಿದ ಗವರ್ನರ್ ಜನರಲ್ ಹೇಸ್ಟಿಂಗ್ಸ್‌ನ ಮಗಳು ಈಕೆಯೇ. ಅವಿವಾಹಿತೆ, ಮೂವತ್ತೆರಡರ ವಯಸ್ಸು. ಪ್ರಯಾಣದಲ್ಲಿ ಕಾನ್ರಾಯ್ ಜೊತೆಗಿದ್ದನು. ಆಕೆಗೆ ಹೊಟ್ಟೆನೋವು ಕಾಣಿಸಿಕೊಂಡು ಹೊಟ್ಟೆ ಊದಿಕೊಂಡಿತ್ತು. ಅಷ್ಟು ಸಾಕಾಯಿತು. ಫ್ಲೋರಾ ಗರ್ಭಿಣಿಯೆಂಬ ಶಂಕೆ ಸಖಿಯರ ಕೋಣೆಗಳಲ್ಲಿ ಹಬ್ಬಿತು. ರಾಣಿಯೂ ಅದನ್ನೇ ನಂಬಿದಳು. ಆಗ ಸರದಿಯಲ್ಲಿದ್ದ ಸಖಿ ಲೇಡಿ ಟ್ಯಾವಿಸ್ಟಾಕ್, ಅಂದರೆ ನಮ್ಮ ಅನ್ನಾ. ವಿಷಯವನ್ನು ಪ್ರಧಾನಿ ಮೆಲ್ಬರ್ನ್‌ನ ಬಳಿಗೆ ಒಯ್ದವಳು ಆಕೆಯೇ. ಫ್ಲೋರಾಳನ್ನೇ ಕರೆದು ನೇರವಾಗಿ ಕೇಳುವ ದಾರಿಯೂ ಇತ್ತಲ್ಲವೇ? ವಯಸ್ಸಿನಲ್ಲಿ ತಾಯಿಯಂತಿದ್ದ ಅನ್ನಾ ಆ ದಾರಿಯನ್ನು ತುಳಿಯಲಿಲ್ಲ. ಅರಮನೆಯ ಮರ್ಯಾದೆ ಕಾಯುವುದು ತನ್ನ ಕರ್ತವ್ಯವೆಂದು ಆಕೆ ಭಾವಿಸಿರಬಹುದು. ಆದರೆ ಒಬ್ಬ ರೋಗಿಷ್ಠ ಹೆಣ್ಣಿನ ಮರ್ಯಾದೆ ಆ ಲೆಕ್ಕದಲ್ಲಿ ಸೇರಲಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ರಾಜವೈದ್ಯ ಸರ್ ಜೇಮ್ಸ್ ಕ್ಲಾರ್ಕ್ ಕೂಡ ರೋಗವನ್ನು ಗುರುತಿಸದೆ ಶಂಕೆಯನ್ನೇ ಬೆಳೆಸಿದನು. ಕೊನೆಗೆ ಫೆಬ್ರವರಿ 17ರಂದು ಫ್ಲೋರಾ ಇಬ್ಬರು ವೈದ್ಯರ ದೇಹಪರೀಕ್ಷೆಗೆ ಒಳಗಾಗಬೇಕಾಯಿತು. ಆಕೆ ಕನ್ಯೆಯೆಂದು, ಶಂಕೆಗೆ ಆಧಾರವಿಲ್ಲವೆಂದು ಪ್ರಮಾಣಪತ್ರ ಹೊರಟಿತು. ವಿಕ್ಟೋರಿಯಾ ಕ್ಷಮೆ ಕೋರಿದಳಾದರೂ ಅವಮಾನ ಅಳಿಯಲಿಲ್ಲ. ಫ್ಲೋರಾಳ ಮನೆಯವರು ಸಂಗತಿಯನ್ನೆಲ್ಲ ಪತ್ರಿಕೆಗಳಿಗೆ ಒದಗಿಸಿದರು. ಅನ್ನಾಳ ಹೆಸರು ಊರೆಲ್ಲ ಓದುವ ಅಂಕಣಗಳಿಗೆ ಬಂದಿತು. ಆಸ್ಕಟ್ ಕುದುರೆಪಂದ್ಯದಲ್ಲಿ ರಾಣಿಯನ್ನು ಕಂಡು ಜನ ಛೀಮಾರಿ ಹಾಕಿದರು. ಜುಲೈ 5ರಂದು ಫ್ಲೋರಾ ತೀರಿಕೊಂಡಳು. ಶವಪರೀಕ್ಷೆಯಲ್ಲಿ ಯಕೃತ್ತು ವಿಪರೀತವಾಗಿ ಬೆಳೆದಿದ್ದುದು ಕಂಡುಬಂದಿತು. ಪತ್ರಿಕಾಸ್ವಾತಂತ್ರ್ಯಕ್ಕೆ ಅವಕಾಶವಿತ್ತ ತಂದೆಯ ಮಗಳಿಗೆ ಕೊನೆಗೆ ನ್ಯಾಯ ದೊರೆತದ್ದು ಪತ್ರಿಕೆಗಳಲ್ಲಿ. ಆಕೆಯ ಮಾನಭಂಗಕ್ಕೆ ಕಾರಣಳಾದವಳು ಅದೇ ಸ್ವಾತಂತ್ರ್ಯಕ್ಕಾಗಿ ಗ್ರಂಥ ಬರೆದವನ ಸೋದರಿ. ಇತಿಹಾಸದಲ್ಲಿ ಇಂತಹ ವಕ್ರತೆಗಳು ವಿರಳವಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಮೆಲ್ಬರ್ನ್ ರಾಜೀನಾಮೆ ಕೊಟ್ಟಾಗ, ಹೊಸ ಸರ್ಕಾರ ರಚಿಸಬೇಕಿದ್ದ ಸರ್ ರಾಬರ್ಟ್ ಪೀಲ್ ವಿಗ್ ಸಖಿಯರಲ್ಲಿ ಕೆಲವರನ್ನು ಬದಲಿಸುವಂತೆ ಕೇಳಿದನು. ರಾಣಿ ಖಂಡಿತವಾಗಿ ನಿರಾಕರಿಸಿದಳು. ಪೀಲ್ ಹಿಂದೆ ಸರಿದನು, ಮೆಲ್ಬರ್ನ್ ಮರಳಿ ಬಂದನು. ಅಕ್ಟೋಬರಿನಲ್ಲಿ ಮಾವ ತೀರಿಕೊಳ್ಳಲು ಅನ್ನಾಳ ಪತಿ ಬೆಡ್‌ಫರ್ಡ್‌ನ ಏಳನೆಯ ಡ್ಯೂಕನಾದನು. ಫ್ಲೋರಾ ಪ್ರಕರಣದಲ್ಲಿ ಕೇಳಿಬಂದಿದ್ದ ಟ್ಯಾವಿಸ್ಟಾಕ್ ಎಂಬ ಹೆಸರು ಮರೆಗೆ ಸರಿದು, ಆಕೆ ಬೆಡ್‌ಫರ್ಡ್‌ನ ಡಚೆಸ್ ಎನಿಸಿಕೊಂಡಳು. ಚಹಾದ ಕಥೆ ಅಂಟಿಕೊಂಡಿರುವುದು ಈ ಎರಡನೆಯ ಹೆಸರಿಗೆ.

ಆ ಕಥೆ ಹೀಗಿದೆ. ಹಿಂದಿನ ಶತಮಾನದಲ್ಲಿ ಮಧ್ಯಾಹ್ನ ಮೂರು ನಾಲ್ಕಕ್ಕೆ ನಡೆಯುತ್ತಿದ್ದ ಶ್ರೀಮಂತರ ಮುಖ್ಯ ಭೋಜನ ಕ್ರಮೇಣ ಜಾರಿ ರಾತ್ರಿ ಏಳೂವರೆ ಎಂಟಕ್ಕೆ ಬಂದಿತ್ತು. ನಡುಹಗಲಿನ ಉಪಾಹಾರವೋ ಅಲ್ಪ. ನಾಲ್ಕು ಐದರ ಹೊತ್ತಿಗೆ ಡಚೆಸ್‌ಳಿಗೆ ಜೀವ ಕುಗ್ಗಿದಂತಾಗಿ, ತನ್ನ ಕೋಣೆಗೇ ಚಹಾ, ಬೆಣ್ಣೆ ಸವರಿದ ರೊಟ್ಟಿ ತರಿಸಿಕೊಂಡಳಂತೆ. ಆಮೇಲೆ ಗೆಳತಿಯರನ್ನು ಕರೆಯತೊಡಗಿದಳಂತೆ. 'ಅಂತೆ'ಗಳನ್ನು ಬಿಟ್ಟು ದಾಖಲೆಗಳನ್ನಷ್ಟೇ ನೋಡಿದರೆ ಎರಡು ಸಂಗತಿಗಳು ದೊರೆಯುತ್ತವೆ. 1841ರಲ್ಲಿ ವಿಂಡ್ಸರ್ ಕೋಟೆಯಿಂದ ಮೈದುನನಿಗೆ ಬರೆದ ಪತ್ರವೊಂದರಲ್ಲಿ, ಸಂಜೆ ಐದಕ್ಕೆ ಎಂಟು ಮಂದಿ ಸ್ತ್ರೀಯರ ನಡುವೆ ರಾಜಕುಮಾರ ಎಸ್ಟರ್‌ಹಾಜಿ ತನ್ನ ಚಹಾದ ಅತಿಥಿಯಾಗಿದ್ದನೆಂದು ಆಕೆ ತಿಳಿಸುತ್ತಾಳೆ. 1842ರಲ್ಲಿ ಬೆಲ್ವಾರ್ ಕೋಟೆಯಲ್ಲಿ ಅತಿಥಿಯಾಗಿದ್ದ ನಟಿ ಫ್ಯಾನಿ ಕೆಂಬಲ್, ಡಚೆಸ್‌ಳ ಕೋಣೆಯಿಂದ ಗುಟ್ಟಾಗಿ ಬಂದ ಆಹ್ವಾನವನ್ನೂ, ಅಲ್ಲಿ ಆಕೆ ತನ್ನದೇ ಸಲಕರಣೆಗಳಿಂದ ಚಹಾ ಕಾಯಿಸಿ ಆಪ್ತರಿಗೆ ಕೊಡುತ್ತಿದ್ದುದನ್ನೂ ನೆನೆದಿದ್ದಾಳೆ. ಐದು ಗಂಟೆಯ ಚಹಾದ ಪರಿಚಯ ತನಗಾದದ್ದು ಅಲ್ಲಿಯೇ ಎನ್ನುತ್ತಾಳೆ. ಕೆಂಬಲ್‌ಳ ಈ ನೆನಪುಗಳು ಅಚ್ಚಾದದ್ದು 1882ರಲ್ಲಿ, ಡಚೆಸ್ ತೀರಿಕೊಂಡು ಇಪ್ಪತ್ತೈದು ವರ್ಷಗಳ ಮೇಲೆ. ಆದುದರಿಂದ ಸಂಜೆಯ ಚಹಾವನ್ನು ಆಕೆ ಸೃಷ್ಟಿಸಿದಳೆನ್ನುವುದಕ್ಕಿಂತ, ತವರಿನ ಚಟವೊಂದನ್ನು ಸರಿಯಾದ ಗಂಟೆಗೆ ಹೊಂದಿಸಿ, ತನ್ನ ಅಂತಸ್ತಿನ ಬಲದಿಂದ ಶಿಷ್ಟಾಚಾರವನ್ನಾಗಿಸಿದಳೆನ್ನುವುದು ಹೆಚ್ಚು ಸರಿ.

ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಈ ಚಹಾ ಎಲ್ಲಿಂದ ಬರುತ್ತಿತ್ತೆಂಬುದು. ಆಗ ಇಂಗ್ಲೆಂಡಿನಲ್ಲಿ ಕುಡಿಯುತ್ತಿದ್ದುದು ಚೀನಾದ ಚಹಾ. ಅದಕ್ಕೆ ಬೆಲೆ ತೆರಲು ಭಾರತದ ಅಫೀಮು ಚೀನಾಕ್ಕೆ ಹೋಗುತ್ತಿತ್ತು. ಮಾಳವದ ಅಫೀಮಿಗೆ ಹೆಬ್ಬಾಗಿಲು ನಮ್ಮ ಮುಂಬಯಿ ಬಂದರು. 1839ರಲ್ಲಿ ಚೀನೀ ಅಧಿಕಾರಿಗಳು ಅಫೀಮಿನ ದಾಸ್ತಾನನ್ನು ನಾಶಗೊಳಿಸಿದ ಮೇಲೆ ಯುದ್ಧವೇ ಆರಂಭವಾಯಿತು. ಅದೇ ವರ್ಷದ ಜನವರಿ 10ರಂದು ಅಸ್ಸಾಮಿನಲ್ಲಿ ಬೆಳೆದ ಚಹಾದ ಮೊದಲ 8 ಪೆಟ್ಟಿಗೆಗಳು ಲಂಡನ್ನಿನಲ್ಲಿ ಹರಾಜಾದವು. ಅರಮನೆಯ ಸಖಿಯರು ಫ್ಲೋರಾಳ ವಿಷಯ ಪಿಸುಗುಟ್ಟುತ್ತಿದ್ದ ತಿಂಗಳೂ ಅದೇ.

1841ರಲ್ಲಿ ಪೀಲ್ ಕೊನೆಗೂ ಪ್ರಧಾನಿಯಾದನು. ಈ ಬಾರಿ ಮೊದಲೇ ಒಪ್ಪಂದವಾಗಿತ್ತು: ವಿಗ್ ಪಕ್ಷದ ಪ್ರಮುಖ ಮನೆತನಗಳ ಮೂವರು ಸಖಿಯರು ತಾವಾಗಿಯೇ ಸ್ಥಾನ ಬಿಡಬೇಕು. ಆ ಮೂವರಲ್ಲಿ ಅನ್ನಾ ಒಬ್ಬಳು. ಆದರೆ ರಾಣಿಯ ವಿಶ್ವಾಸ ಕುಂದಲಿಲ್ಲ. ಅದೇ ಜುಲೈನಲ್ಲಿ ವಿಕ್ಟೋರಿಯಾ ಪತಿ ಆಲ್ಬರ್ಟ್‌ನೊಡನೆ ವೋಬರ್ನ್ ಅಬಿಯ ಬೆಡ್‌ಫರ್ಡ್ ಸೌಧಕ್ಕೆ ಅತಿಥಿಯಾಗಿ ಬಂದಿದ್ದಳು. ಆಮೇಲಿನ ವರ್ಷಗಳ ಬಗ್ಗೆ ಹೇಳಬೇಕಾದುದು ಹೆಚ್ಚಿಲ್ಲ. 1857ರ ಜುಲೈ 3ರಂದು ಆಕೆ ನಿಧನಳಾದಳು. ಪತಿ 1861ರಲ್ಲಿ ತೀರಿಕೊಂಡನು. ಮಗ ವಿಲಿಯಂ ಎಂಟನೆಯ ಡ್ಯೂಕನಾದರೂ ಮದುವೆಯಾಗಲಿಲ್ಲ. 1872ರಲ್ಲಿ ಅವನು ಕಾಲವಾದ ಮೇಲೆ ಪದವಿ ದಾಯಾದಿಗೆ ಹೋಯಿತು.

ಚಹಾ ಮಾತ್ರ ಕೋಟೆಯಿಂದಿಳಿದು ನಗರಕ್ಕೆ ಬಂದಿತು. 1843ರಲ್ಲಿ ಆಲ್ಫ್ರೆಡ್ ಬರ್ಡ್ ರೂಪಿಸಿದ ಬೇಕಿಂಗ್ ಪೌಡರ್ ಕೇಕನ್ನು ಹಗುರಗೊಳಿಸಿತು; ಹಾಗೆ ಉಬ್ಬಿದ ಸ್ಪಂಜು ಕೇಕಿಗೆ ರಾಣಿಯ ಹೆಸರೇ ಬಂದಿತು. 1864ರಿಂದ ಏರೇಟೆಡ್ ಬ್ರೆಡ್ ಕಂಪನಿಯೂ, 1894ರಲ್ಲಿ ಪಿಕಡಿಲಿಯಲ್ಲಿ ಮೊದಲ ಅಂಗಡಿ ತೆರೆದ ಲಯನ್ಸ್ ಕಂಪನಿಯೂ ಲಂಡನ್ನಿನ ಬೀದಿಗಳಲ್ಲಿ ಚಹಾಕೋಣೆಗಳನ್ನು ಹರಡಿದವು. ಗಂಡಸಿನ ಬೆಂಗಾವಲಿಲ್ಲದೆ ಹೆಣ್ಣುಮಕ್ಕಳು ಮರ್ಯಾದೆಯಿಂದ ಕುಳಿತು ಮಾತನಾಡಬಹುದಾದ ಜಾಗಗಳು ಆ ನಗರದಲ್ಲಿ ಅದುವರೆಗೆ ಕಡಿಮೆ. ಗುಮಾಸ್ತೆಯರು, ಬೆರಳಚ್ಚುಗಾರ್ತಿಯರು ಬಂದರು. ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರು ಸಭೆ ಸೇರಿದ್ದೂ ಇಂತಹ ಕೋಣೆಗಳಲ್ಲಿಯೇ. ಮನೆಯಿಂದ ಹೊರಗೆ ದುಡಿಯುವವರಿಗೆ ಕೈಗೆಟುಕುವ ಬೆಲೆಯಲ್ಲಿ ಶುಚಿಯಾದ ತಿಂಡಿ ಕೊಡುವ ಉದ್ಯಮ ಎಂಥದೆಂಬುದನ್ನು ಮುಂಬಯಿಯ ಉಡುಪಿ ಹೋಟೆಲುಗಳನ್ನು ಬಲ್ಲ ನಮಗೆ ವಿವರಿಸಬೇಕಾಗಿಲ್ಲ. ಸಿರಿವಂತರ ಪಾಲಿಗೆ 1906ರಲ್ಲಿ ಬಾಗಿಲು ತೆರೆದ ರಿಟ್ಸ್ ಹೋಟೆಲಿನ ಪಾಮ್ ಕೋರ್ಟ್ ಬಂದಿತು.

ಲಂಡನ್ನಿಗೆ ಹೋಗುವ ನಮ್ಮವರು ಬ್ಲೂಮ್ಸ್‌ಬರಿಯಲ್ಲಿ ನಡೆದಾಡಿದರೆ ಈ ಮನೆತನದ ಹೆಸರುಗಳೆಲ್ಲ ಬೀದಿಯ ಫಲಕಗಳಲ್ಲಿ ಸಿಗುತ್ತವೆ: ರಸೆಲ್ ಸ್ಕ್ವೇರ್, ಬೆಡ್‌ಫರ್ಡ್ ಸ್ಕ್ವೇರ್, ವೋಬರ್ನ್ ಪ್ಲೇಸ್. ಅನ್ನಾ ಮರಿಯಾ ಫ್ಲೋರಾ ಪ್ರಕರಣದ ಕಾಲದಲ್ಲಿ ಧರಿಸಿದ್ದ ಹೆಸರಿನ ಟ್ಯಾವಿಸ್ಟಾಕ್ ಸ್ಕ್ವೇರ್‌ನ ನಡುವಿನ ಉದ್ಯಾನದಲ್ಲಿ, 1968ರಲ್ಲಿ ಅನಾವರಣಗೊಂಡ ಗಾಂಧೀಜಿಯವರ ಪ್ರತಿಮೆ ಇದೆ. ಫ್ಲೋರಾ ಹೇಸ್ಟಿಂಗ್ಸ್‌ಳ ದೇಹವನ್ನು ದೂರದ ಸ್ಕಾಟ್ಲೆಂಡಿನ ಲೌಡನ್‌ಗೆ ಒಯ್ದು ಅವಳ ಕುಟುಂಬದವರ ನಡುವೆ ಸಮಾಧಿ ಮಾಡಲಾಯಿತು.