ಬಣ್ಣದ ಹುಚ್ಚಿನ ಪಾಲ್ ಎರ್ಲಿಕ್

ಬ್ಲಡ್ ರಿಪೋರ್ಟಲ್ಲಿ ನ್ಯೂಟ್ರೋಫಿಲ್, ಇಯೋಸಿನೋಫಿಲ್, ಬೇಸೋಫಿಲ್, ಲಿಂಫೋಸೈಟ್ ಅಂತ ಸಾಲಾಗಿ ಪರ್ಸೆಂಟೇಜ್ ಬರುತ್ತಲ್ಲ, ಅದರಲ್ಲಿ ಮೊದಲ ಮೂರು ಹೆಸರು ಹುಟ್ಟಿದ್ದು ಬಣ್ಣಗಳಿಂದ. ಅದಕ್ಕೆ ಕಾರಣ ಪಾಲ್ ಎರ್ಲಿಕ್.

ಅವರು 1854ರ ಮಾರ್ಚ್ 14ರಂದು ಆಗಿನ ಪ್ರಷ್ಯಾದ ಸ್ಟ್ರೆಲೆನ್ ಊರಿನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಆ ಊರು ಈಗ ಪೋಲೆಂಡಿನಲ್ಲಿದೆ. ಓದಿದ್ದು ಮೆಡಿಸಿನ್, ಆದ್ರೆ ತಲೆ ಪೂರ್ತಿ ಇದ್ದದ್ದು ಕೆಮಿಸ್ಟ್ರಿಯಲ್ಲಿ. ಜರ್ಮನಿಯ ಫ್ಯಾಕ್ಟರಿಗಳು ಬಟ್ಟೆಗೆ ಅಂತ ಹೊಸ ಹೊಸ ಅನಿಲೀನ್ ಬಣ್ಣ ತಯಾರಿಸುತ್ತಿದ್ದ ಕಾಲ ಅದು. ಅವನ್ನು ಜೀವಕೋಶಕ್ಕೆ ಹಾಕಿ ನೋಡುವ ಹುಚ್ಚು ಹಿಡಿಸಿದ್ದು ಸಂಬಂಧಿಕರಾದ ಕಾರ್ಲ್ ವೈಗರ್ಟ್. 1878ರ ಥೀಸಿಸ್ ಕೂಡ ಅದರ ಮೇಲೆಯೇ.

ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ, ಒಣಗಿಸಿ, ಬಿಸಿ ಮಾಡಿ ಬಣ್ಣ ಹಾಕಿದರು. ಬಿಳಿ ರಕ್ತಕಣಗಳೊಳಗಿನ ಹರಳುಗಳಲ್ಲಿ ಕೆಲವು ಆಸಿಡ್ ಬಣ್ಣ ಹಿಡಿದವು, ಕೆಲವು ಬೇಸಿಕ್ ಬಣ್ಣ, ಇನ್ನು ಕೆಲವು ನ್ಯೂಟ್ರಲ್. ಲಿಂಫೋಸೈಟಲ್ಲಿ ಮಾತ್ರ ಅಂಥ ಹರಳೇ ಇಲ್ಲ. ದುಂಡನೆ ನ್ಯೂಕ್ಲಿಯಸ್, ಸುತ್ತ ತೆಳು ಅಂಚು, ಎಲ್ಲವೂ ಒಂದೇ ಥರ. ಇವು ತಾವಾಗಿ ಚಲಿಸಲಾರದ ಕಣಗಳು ಅಂದುಕೊಂಡರು. ಅದು ತಪ್ಪು.

1888ರ ಹೊತ್ತಿಗೆ ಅವರಿಗೇ ಟಿಬಿ ಬಂತು. ತಾವೇ ಸುಧಾರಿಸಿದ್ದ ಸ್ಟೇನಲ್ಲಿ ತಮ್ಮದೇ ಕಫದ ಬ್ಯಾಕ್ಟೀರಿಯಾ ನೋಡಿದರಂತೆ! ಈಜಿಪ್ಟಿಗೆ ಹೋಗಿ ಸುಧಾರಿಸಿಕೊಂಡು ವಾಪಸ್ ಬಂದು ಡಿಫ್ತೀರಿಯಾ ಸೀರಂ ಕೆಲಸಕ್ಕೆ ಕೈಹಾಕಿದರು. 1897ರಲ್ಲಿ ಒಂದು ಥಿಯರಿ ಕೊಟ್ಟರು: ಜೀವಕೋಶದ ಮೈಮೇಲೆ ಕೊಂಡಿಗಳಿವೆ, ಒಂದೊಂದು ಕೊಂಡಿಗೂ ಅದಕ್ಕೆ ಹೊಂದುವ ವಿಷವೇ ಸಿಕ್ಕಿಕೊಳ್ಳುತ್ತೆ, ಹೆಚ್ಚಾದ ಕೊಂಡಿಗಳು ಕಳಚಿ ರಕ್ತಕ್ಕೆ ಬಂದರೆ ಅವೇ ಆಂಟಿಬಾಡಿ. 1908ರಲ್ಲಿ ನೊಬೆಲ್, ಆಮೇಲೆ ಸಿಫಿಲಿಸ್‌ಗೆ 606 ನಂಬರಿನ ಔಷಧಿ. 1915ರಲ್ಲಿ ತೀರಿಕೊಂಡರು.

ನನಗೆ ಆಶ್ಚರ್ಯ ಆಗೋದು ಇಲ್ಲಿ. ಆಂಟಿಬಾಡಿ ಕೊಂಡಿ ಹೊತ್ತ ಕಣ ಅಂದ್ರೆ ಅವರು ಬದಿಗಿಟ್ಟ ಲಿಂಫೋಸೈಟೇ. ಬಣ್ಣ, ಕೊಂಡಿ ಎರಡೂ ಅವರ ಟೇಬಲ್ ಮೇಲಿದ್ದವು. ಜೋಡಿಸಲು ಇನ್ನೊಂದಿಷ್ಟು ದಶಕ ಬೇಕಾಯ್ತು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್, ಒಂದೇ ಗುರಿಗೆ ಅಂಟುವ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದರು. ಈಗ ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ ರಕ್ತಕ್ಕೆ ಬೆರೆಸಿ, ಕಣಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸ್ತಾರೆ. ಡಿಟೆಕ್ಟರ್ ಬೆಳಕು ಎಣಿಸುತ್ತೆ. ಇದೇ ಫ್ಲೋ ಸೈಟೋಮೆಟ್ರಿ. ಅರ್ಧ ನಮ್ಮ ಇಸಿ ಬ್ರಾಂಚ್ ಸಿಲಬಸ್ಸು.

ದೊಡ್ಡವರಲ್ಲಿ ಲಿಂಫೋಸೈಟ್ ಸಂಖ್ಯೆ ವೈರಸ್ ಜ್ವರಕ್ಕೂ ಏರುತ್ತೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತೆ. ತಿಂಗಳುಗಟ್ಟಲೆ ಇಳಿಯದಿದ್ದರೆ ಈ ಟೆಸ್ಟ್. ಸಿಡಿ3 ಹೊಳೆದರೆ ಟಿ ಕಣ, ಸಿಡಿ19 ಹೊಳೆದರೆ ಬಿ ಕಣ. ಆರೋಗ್ಯವಂತರ ಬಿ ಕಣಗಳಲ್ಲಿ ಕೆಲವು ಕಪ್ಪಾ ಸರಪಳಿಯವು, ಕೆಲವು ಲ್ಯಾಂಬ್ಡಾ. ಹೆಚ್ಚಿದವೆಲ್ಲ ಒಂದೇ ಬಗೆಯಾದರೆ ಅವು ಒಂದೇ ಕಣದ ಸಂತಾನ ಅಂತ ಅನುಮಾನ. ಜೊತೆಗೆ ಸಿಡಿ5, ಸಿಡಿ23 ಇದ್ದು, ಅಂಥ ಬಿ ಕಣ ಮೈಕ್ರೋಲೀಟರಿಗೆ 5000 ದಾಟಿ 3 ತಿಂಗಳು ನಿಂತರೆ ಸಿಎಲ್‌ಎಲ್ ಅನ್ನೋ ನಿಧಾನದ ಲ್ಯುಕೇಮಿಯಾ. 5000ಕ್ಕಿಂತ ಕಡಿಮೆಯಿದ್ದು ಗೆಡ್ಡೆ, ಬೇರೆ ಲಕ್ಷಣ ಇಲ್ಲದಿದ್ದರೆ ಔಷಧಿ ಬೇಡ, ಆಗಾಗ ನೋಡ್ತಾ ಇರ್ತಾರೆ. ಸಿಡಿ5 ಇದ್ದು ಸಿಡಿ23 ಇಲ್ಲದಿದ್ದರೆ ಮ್ಯಾಂಟಲ್ ಸೆಲ್ ಲಿಂಫೋಮಾ ಇರಬಹುದಾ ಅಂತ ಇನ್ನಷ್ಟು ಟೆಸ್ಟ್ ಮಾಡ್ತಾರೆ. ಅದರ ಚಿಕಿತ್ಸೆಯೇ ಬೇರೆ. ಎರ್ಲಿಕ್ ಅವರ ಗಾಜಿನ ಮೇಲಾಗಿದ್ದರೆ ಇವೆಲ್ಲ ಹೆಚ್ಚುಕಡಿಮೆ ಅದೇ ದುಂಡನೆ ಚುಕ್ಕಿಗಳು.