ಬಿಡಿ ಹಾಳೆಯಿಂದ ಸಂಪುಟಕ್ಕೆ: ಎರ್ಜೆಯ ಬಾಳು

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಗೆ ವಾರಪತ್ರಿಕೆಯೊಂದು ಬರುತ್ತಿತ್ತು. ಅದರಲ್ಲಿ ಅಚ್ಚಾಗುತ್ತಿದ್ದ ಧಾರಾವಾಹಿಯ ಹಾಳೆಗಳನ್ನು ನಮ್ಮ ತಾಯಿಯವರು ಎಚ್ಚರದಿಂದ ಬಿಡಿಸಿ ತೆಗೆದಿಟ್ಟು, ಕಥೆ ಮುಗಿದ ಮೇಲೆ ದಬ್ಬಣದಿಂದ ತೂತು ಮಾಡಿ, ದಾರದಿಂದ ಹೊಲಿದು, ಖಾಕಿ ಕಾಗದದ ಬೈಂಡು ಹಾಕುತ್ತಿದ್ದರು. ಕೆಲವು ವರ್ಷಗಳ ಅನಂತರ ಅದೇ ಕಾದಂಬರಿ ಅಚ್ಚುಕಟ್ಟಾದ ಪುಸ್ತಕವಾಗಿ ಹೊರಬಂದಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ. ಪುಸ್ತಕದಲ್ಲಿ ಒಂದು ಅಧ್ಯಾಯವೇ ಇರಲಿಲ್ಲ. ಪಾತ್ರವೊಂದರ ಹೆಸರೂ ಬೇರೆಯಾಗಿತ್ತು. ಹಾಗಾದರೆ ನಾವು ವಾರವಾರವೂ ಕಾದು ಓದಿದ್ದು ಯಾವ ಕಥೆ? ಅಂದು ಹುಟ್ಟಿದ ಈ ಪ್ರಶ್ನೆ ಎಷ್ಟೋ ವರ್ಷಗಳ ಮೇಲೆ ಬೆಲ್ಜಿಯಂ ದೇಶದ ಚಿತ್ರಕಥೆಗಾರನೊಬ್ಬನ ಜೀವನವನ್ನು ಓದುವಾಗ ಮತ್ತೆ ನನ್ನೆದುರಿಗೆ ಬಂದು ನಿಂತಿತು. ಆತನೇ ಟಿನ್‌ಟಿನ್ ಎಂಬ ಹುಡುಗ ವರದಿಗಾರನನ್ನೂ ಅವನ ಬಿಳಿಯ ನಾಯಿಯನ್ನೂ ಸೃಷ್ಟಿಸಿದ ಎರ್ಜೆ.

ಅವನ ನಿಜವಾದ ಹೆಸರು ಜಾರ್ಜ್ ರೆಮಿ. ಹುಟ್ಟಿದ್ದು ೧೯೦೭ನೆಯ ಇಸವಿ ಮೇ ೨೨ರಂದು, ಬ್ರಸೆಲ್ಸ್ ನಗರದ ಎಟರ್‌ಬೆಕ್ ಎಂಬ ಬಡಾವಣೆಯಲ್ಲಿ. ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು ಹಿಂದುಮುಂದಾಗಿಸಿ ಫ್ರೆಂಚ್ ರೀತಿಯಲ್ಲಿ ಉಚ್ಚರಿಸಿದಾಗ ದೊರೆತ ‘ಎರ್ಜೆ’ ಎಂಬುದನ್ನೇ ಕಾವ್ಯನಾಮವಾಗಿ ಇಟ್ಟುಕೊಂಡನು. ಬಾಲ್ಯದಲ್ಲಿ ಸ್ಕೌಟ್ ದಳಕ್ಕೆ ಸೇರಿದ್ದ ಅವನ ಮೊದಲ ಚಿತ್ರಕಥೆ ಸ್ಕೌಟ್ ಪತ್ರಿಕೆಯಲ್ಲಿಯೇ ೧೯೨೬ರಲ್ಲಿ ಆರಂಭವಾಯಿತು. ಅದಕ್ಕೆ ಒಂದು ವರ್ಷ ಮೊದಲು ಅವನು ‘ಇಪ್ಪತ್ತನೆಯ ಶತಮಾನ’ ಎಂಬರ್ಥದ ಹೆಸರಿದ್ದ ಕ್ಯಾಥೊಲಿಕ್ ದಿನಪತ್ರಿಕೆಯ ಚಂದಾ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿದ್ದನು. ಮುಂದೆ ಜಗತ್ತಿನ ಮಕ್ಕಳೆಲ್ಲ ಕಾದು ಓದಿದ ಕಥೆಗಳ ಕರ್ತೃ ಮೊದಲು ಬರೆದುಕೊಂಡದ್ದು ಚಂದಾದಾರರ ವಿಳಾಸಗಳನ್ನು ಎಂಬುದು ನೆನಪಿಡಬೇಕಾದ ಸಂಗತಿ.

ಆ ಪತ್ರಿಕೆಯ ಸಂಪಾದಕನಾಗಿದ್ದ ನಾರ್ಬರ್ಟ್ ವಾಲೆ ಎಂಬ ಪಾದ್ರಿ ೧೯೨೮ರ ನವೆಂಬರಿನಲ್ಲಿ ಮಕ್ಕಳಿಗಾಗಿ ಗುರುವಾರದ ಪುರವಣಿಯೊಂದನ್ನು ಆರಂಭಿಸಿ ಅದರ ಹೊಣೆಯನ್ನು ಈ ತರುಣನಿಗೆ ಒಪ್ಪಿಸಿದನು. ೧೯೨೯ರ ಜನವರಿ ೧೦ರಂದು ಟಿನ್‌ಟಿನ್ ಸೋವಿಯತ್ ದೇಶಕ್ಕೆ ರೈಲು ಹತ್ತಿದನು. ವಾರಕ್ಕೆ ಎರಡು ಪುಟ. ಮುಂದಿನ ಗುರುವಾರ ಏನಾಗುವುದೆಂದು ಬರೆಯುವವನಿಗೂ ಪೂರ್ತಿಯಾಗಿ ತಿಳಿದಿರುತ್ತಿರಲಿಲ್ಲ. ಎರಡನೆಯ ಪುಟದ ಕೊನೆಯ ಚೌಕದಲ್ಲಿ ನಾಯಕನನ್ನು ಅಪಾಯಕ್ಕೆ ನೂಕುವುದು, ಅವನನ್ನು ಪಾರುಮಾಡುವ ಉಪಾಯವನ್ನು ಆಮೇಲೆ ಹುಡುಕುವುದು: ಹೀಗೆ ಸಾಗಿತು ಕಥೆ. ಅದು ಮುಗಿದಾಗ, ೧೯೩೦ರ ಮೇ ೮ರಂದು, ಟಿನ್‌ಟಿನ್ ವೇಷದ ಹುಡುಗನೊಬ್ಬನನ್ನು ಬ್ರಸೆಲ್ಸ್ ರೈಲು ನಿಲ್ದಾಣದಲ್ಲಿ ಇಳಿಸಲಾಯಿತು. ಅವನನ್ನು ಎದುರುಗೊಳ್ಳಲು ಜನಸಂದಣಿಯೇ ನೆರೆಯಿತು. ಅದೇ ವರ್ಷ ಬಿಡಿ ಕಂತುಗಳು ಒಟ್ಟುಗೂಡಿ ಪುಸ್ತಕವಾದವು. ಆದರೆ ಅದು ಪುರವಣಿಯ ಪುಟಗಳನ್ನು ಇದ್ದಂತೆಯೇ ಜೋಡಿಸಿದ ಕಪ್ಪುಬಿಳುಪಿನ ಗ್ರಂಥ, ಮುದ್ರಣಾಲಯದವರು ಮಾಡಿದ ನಮ್ಮ ತಾಯಿಯವರ ಕೆಲಸ.

ಕಂತಿನ ಬರಹಕ್ಕೆ ಅವಸರದ ದೋಷವಿದೆ. ಕೈಗೆ ಸಿಕ್ಕಿದ ತಿಳಿವಳಿಕೆ, ಸುತ್ತಲಿನವರ ಪೂರ್ವಗ್ರಹ ಇವೆಲ್ಲವೂ ಚಿತ್ರದೊಳಕ್ಕೆ ನುಸುಳಿಬಿಡುತ್ತವೆ. ಎರ್ಜೆಯ ಎರಡನೆಯ ಕಥೆಯಲ್ಲಿ ಟಿನ್‌ಟಿನ್ ಕಾಂಗೋದ ಶಾಲೆಯೊಂದರಲ್ಲಿ ಆಫ್ರಿಕದ ಮಕ್ಕಳೆದುರು ನಿಂತು ಅವರ ದೇಶ ಬೆಲ್ಜಿಯಂ ಎಂದು ಪಾಠ ಹೇಳುತ್ತಾನೆ. ಬರೆದವನು ಕಾಂಗೋವನ್ನು ಕಂಡವನಲ್ಲ. ಈ ಅಜ್ಞಾನದಿಂದ ಅವನನ್ನು ಎಚ್ಚರಿಸಿದವನು ಬ್ರಸೆಲ್ಸ್‌ನಲ್ಲಿ ಕಲೆಯನ್ನು ಅಭ್ಯಾಸ ಮಾಡುತ್ತಿದ್ದ ಜಾಂಗ್ ಚೊಂಗ್‌ರೆನ್ ಎಂಬ ಚೀನೀ ತರುಣ. ೧೯೩೪ರಲ್ಲಿ ಆದ ಆ ಸ್ನೇಹದಿಂದ ಎರ್ಜೆ ಒಂದು ದೇಶವನ್ನು ಚಿತ್ರಿಸುವ ಮೊದಲು ಅದನ್ನು ತಿಳಿಯಬೇಕೆಂಬುದನ್ನು ಕಲಿತನು. ಚೀನಾದ ಹಿನ್ನೆಲೆಯ ಅವನ ಕಥೆ ಆ ಕಲಿಕೆಯ ಫಲ.

೧೯೪೦ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಬೆಲ್ಜಿಯಂ ದೇಶವನ್ನು ಆಕ್ರಮಿಸಿತು. ಎರ್ಜೆಯ ಪತ್ರಿಕೆ ನಿಂತುಹೋಯಿತು. ನಡೆಯುತ್ತಿದ್ದ ಕಥೆ ನಡುವೆಯೇ ಕಡಿದುಹೋಯಿತು. ಅದೇ ಅಕ್ಟೋಬರಿನಲ್ಲಿ ಅವನು ಜರ್ಮನರ ಹಿಡಿತದಲ್ಲಿದ್ದ ‘ಲ ಸ್ವಾರ್’ ದಿನಪತ್ರಿಕೆಯನ್ನು ಸೇರಿದನು. ಅವನ ಬಾಳಿನ ಮೇಲೆ ಬಿದ್ದ ಕಪ್ಪು ನೆರಳು ಇದು. ಕಾಗದದ ಅಭಾವದಿಂದ ಮಕ್ಕಳ ಪುರವಣಿ ಸಣ್ಣದಾಗಿ, ೧೯೪೧ರಲ್ಲಿ ಇಲ್ಲವಾಯಿತು. ಕಥೆ ದಿನಕ್ಕೆ ಕೆಲವೇ ಚೌಕಗಳ ಒಂದು ಸಾಲಾಗಿ ಕುಗ್ಗಿತು.

ಅದೇ ಕಾಗದದ ಅಭಾವವೇ ಸಂಪುಟದ ರೂಪವನ್ನೂ ನಿರ್ಣಯಿಸಿತೆಂಬುದು ಸೋಜಿಗ. ೧೯೩೪ರಿಂದ ಅವನ ಪುಸ್ತಕಗಳನ್ನು ಹೊರತರುತ್ತಿದ್ದವರು ಟೂರ್ನೆ ಪಟ್ಟಣದ ಕ್ಯಾಸ್ಟರ್‌ಮನ್ ಪ್ರಕಾಶಕರು. ನೂರಕ್ಕೂ ಮಿಗಿಲಾದ ಕಪ್ಪುಬಿಳುಪಿನ ಪುಟಗಳ ಬದಲು ಅರವತ್ತೆರಡೇ ಪುಟ, ಆದರೆ ಎಲ್ಲವೂ ಬಣ್ಣದಲ್ಲಿ, ಎಂಬ ಸಲಹೆಯನ್ನು ಅವರು ಮುಂದಿಟ್ಟರು. ಮೊದಲು ಹಿಂಜರಿದ ಎರ್ಜೆ ೧೯೪೨ರಲ್ಲಿ ಒಪ್ಪಿದನು. ಆ ವರ್ಷ ನಿಗೂಢ ಉಲ್ಕೆಯೊಂದರ ಕಥೆ ಈ ಹೊಸ ರೂಪದ ಮೊದಲ ಗ್ರಂಥವಾಗಿ ಬಂದಿತು. ಆಮೇಲೆ ಹಳೆಯ ಕಥೆಗಳ ಸರದಿ. ಕತ್ತರಿ ಹಿಡಿದು ಚೌಕಗಳನ್ನು ಕತ್ತರಿಸುವುದು, ಜೋಡಿಸುವುದು, ಬೇಡವಾದುದನ್ನು ಬಿಡುವುದು, ಹೊಸದಾಗಿ ಬರೆಯುವುದು: ಇದು ವರ್ಷಗಟ್ಟಲೆ ನಡೆದ ಕೆಲಸ. ೧೯೪೪ರಲ್ಲಿ ಎಡ್ಗರ್ ಜೇಕಬ್ಸ್ ಎಂಬ ಚಿತ್ರಕಾರ ನೆರವಿಗೆ ಬಂದನು. ಬಿಡಿ ಕಂತುಗಳ ಓದುಗನಿಗೆ ಕಾಣದಿದ್ದ ಕಥೆಯ ಹಂದರ, ಸಂಪುಟದಲ್ಲಿ ಎದ್ದು ಕಾಣತೊಡಗಿತು. ಕಥೆಗಾರನಾಗಿ ಎರ್ಜೆ ಬೆಳೆದದ್ದು ಈ ತಿದ್ದುವಿಕೆಯಲ್ಲಿಯೇ ಎಂದರೆ ತಪ್ಪಾಗಲಾರದು.

ಆದರೆ ತಿದ್ದುವ ಕೈ ತೊಡಕನ್ನು ಬಿಡಿಸುವಂತೆ ಕಲೆಯನ್ನೂ ಒರೆಸಬಲ್ಲುದು. ಆ ಉಲ್ಕೆಯ ಕಥೆ ಪತ್ರಿಕೆಯಲ್ಲಿ ಬರುತ್ತಿದ್ದಾಗ, ಪ್ರಳಯವಾದರೆ ಸಾಲ ತೀರಿಸಬೇಕಾಗಿಲ್ಲವೆಂದು ಹಿಗ್ಗುವ ಇಬ್ಬರು ಯೆಹೂದಿ ವರ್ತಕರ ವಿಡಂಬನಚಿತ್ರವೊಂದು ಅದರಲ್ಲಿತ್ತು. ಯೆಹೂದಿಗಳು ಬೇಟೆಗೆ ಒಳಗಾಗಿದ್ದ ಕಾಲ ಅದು. ಪುಸ್ತಕದಲ್ಲಿ ಆ ಚಿತ್ರವಿಲ್ಲ. ದುಷ್ಟ ಸಾಹುಕಾರನ ಹೆಸರು ಬ್ಲೂಮನ್‌ಸ್ಟೈನ್. ಯುದ್ಧಾನಂತರದ ಆವೃತ್ತಿಯಲ್ಲಿ ಅವನು ಬೋಲ್‌ವಿಂಕಲ್ ಆದನು, ಅವನ ಅಮೆರಿಕ ಕಲ್ಪಿತ ದೇಶವಾಯಿತು. ಮಿಠಾಯಿ ಅಂಗಡಿಗೆ ಬ್ರಸೆಲ್ಸ್‌ನ ಆಡುಮಾತಿನಲ್ಲಿರುವ ಪದವೆಂದು ಎರ್ಜೆ ಆರಿಸಿದ ಆ ಹೊಸ ಹೆಸರೂ ಯೆಹೂದಿ ಮನೆತನವೊಂದರ ಹೆಸರೇ ಎಂದು ಆಮೇಲೆ ತಿಳಿಯಿತಂತೆ! ಒರೆಸಿದ ಕಲೆ ಮತ್ತೊಂದು ಮಗ್ಗುಲಲ್ಲಿ ಮೂಡಿತು.

೧೯೪೪ರ ಸೆಪ್ಟೆಂಬರಿನಲ್ಲಿ ಬ್ರಸೆಲ್ಸ್ ಬಿಡುಗಡೆಯಾಯಿತು. ಎರ್ಜೆಯನ್ನು ಹಲವು ಬಾರಿ ಬಂಧಿಸಿ ಬಿಟ್ಟರು, ವಿಚಾರಣೆ ನಡೆಯಲಿಲ್ಲ. ಪತ್ರಿಕೆಗಳಲ್ಲಿ ಕೆಲಸ ಮಾಡುವ ಅವಕಾಶ ಮಾತ್ರ ತಪ್ಪಿತು. ಅವನನ್ನು ಮತ್ತೆ ಮೇಲಕ್ಕೆತ್ತಿದವನು, ಜರ್ಮನರ ವಿರುದ್ಧ ಗುಪ್ತವಾಗಿ ಹೋರಾಡಿದ್ದ ರೇಮಂಡ್ ಲೆಬ್ಲಾಂ. ೧೯೪೬ರ ಸೆಪ್ಟೆಂಬರ್ ೨೬ರಂದು ‘ಟಿನ್‌ಟಿನ್’ ವಾರಪತ್ರಿಕೆ ಹೊರಬಂದಿತು. ಮತ್ತೆ ಕಂತುಗಳು ಹರಿದವು. ಅದೇ ವರ್ಷ ಕಾಂಗೋ ಕಥೆ ಬಣ್ಣದ ಸಂಪುಟವಾಯಿತು. ಬೆಲ್ಜಿಯಂ ಕುರಿತ ಪಾಠದ ಜಾಗದಲ್ಲಿ ಈಗ ಕೂಡುವ ಲೆಕ್ಕದ ಪಾಠ! ಆದರೆ ಕಾಂಗೋ ಜನರನ್ನು ಕೀಳಾಗಿ ಕಾಣಿಸಿದ ರೇಖೆಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ಶಾಲಾ ಮೇಷ್ಟ್ರಾದ ನನಗೆ ಆ ಪುಟ ಕಂಡಾಗಲೆಲ್ಲ ಮನಸ್ಸು ಮುದುಡುತ್ತದೆ. ಪಾಠ ಬದಲಾಯಿತು; ಕರಿಯ ಹಲಗೆಯ ಮುಂದೆ ನಿಂತವನು ಬದಲಾಗಲಿಲ್ಲ.

ತಿದ್ದುವ ಕೆಲಸ ಕೊನೆಯವರೆಗೂ ಅವನನ್ನು ಬಿಡಲಿಲ್ಲ. ಅತಿಶ್ರಮದಿಂದ ಮನಸ್ಸು ಕುಸಿದು ೧೯೪೯ರಲ್ಲಿ ಕಂತುಗಳು ನಡುವೆ ನಿಂತದ್ದೂ ಉಂಟು. ೧೯೫೦ರಲ್ಲಿ ಸಹಾಯಕರ ಚಿತ್ರಶಾಲೆಯೊಂದನ್ನು ಸ್ಥಾಪಿಸಿದನು. ಸ್ಕಾಟ್ಲೆಂಡಿನ ದ್ವೀಪವೊಂದರ ಕಥೆಯಲ್ಲಿ ನೂರಮೂವತ್ತೊಂದು ತಪ್ಪುಗಳಿವೆಯೆಂದು ಇಂಗ್ಲಿಷ್ ಪ್ರಕಾಶಕರು ಪಟ್ಟಿ ಕಳುಹಿಸಲು, ಸಹಾಯಕನಾದ ಬಾಬ್ ಡ ಮೋರ್‌ನನ್ನು ಬ್ರಿಟನ್ನಿಗೆ ಅಟ್ಟಿ, ಎಲ್ಲವನ್ನೂ ನೋಡಿ ಬರೆದುತರಿಸಿ, ೧೯೬೬ರಲ್ಲಿ ಇಡೀ ಗ್ರಂಥವನ್ನೇ ಹೊಸದಾಗಿ ಚಿತ್ರಿಸಿದನು. ಯುದ್ಧ ಕಡಿದುಹಾಕಿದ್ದ ತೈಲದ ಕಥೆಯಲ್ಲಿ ಬ್ರಿಟಿಷರ ಆಳ್ವಿಕೆಯ ಪ್ಯಾಲೆಸ್ಟೈನ್ ಇದ್ದಿತು. ೧೯೭೧ರ ಆವೃತ್ತಿಯಲ್ಲಿ ಅದು ಮಾಯವಾಯಿತು. ಇತಿಹಾಸದ ಒಂದು ಕಾಲಘಟ್ಟಕ್ಕೆ ಸೇರಿದ್ದ ಕಥೆ ಯಾವ ಕಾಲಕ್ಕೂ ಸೇರದ ಕಥೆಯಾಯಿತು.

ಹೀಗೆ ಎಲ್ಲವನ್ನೂ ತಿದ್ದಿದವನು ಒಂದನ್ನು ಮಾತ್ರ ಮುಟ್ಟಲಿಲ್ಲ. ಅದು ಮೊದಲನೆಯ ಸೋವಿಯತ್ ಕಥೆ. ಬಹುಕಾಲ ಅದನ್ನು ಮರುಮುದ್ರಿಸಲಿಲ್ಲ, ಕಳ್ಳಮುದ್ರಣಗಳು ಹಬ್ಬಿದವು. ಕೊನೆಗೆ ೧೯೭೩ರಲ್ಲಿ, ಕಾಂಗೋ ಮತ್ತು ಅಮೆರಿಕ ಕಥೆಗಳ ಮೂಲರೂಪದೊಡನೆ, ಅದು ಇದ್ದಂತೆಯೇ ಒಂದು ಸಂಪುಟದಲ್ಲಿ ಪ್ರಕಟವಾಯಿತು. ಸೊಟ್ಟ ಗೆರೆ, ಅವಸರ, ಪೂರ್ವಗ್ರಹ ಎಲ್ಲವೂ ಬಯಲಾದವು. ಎರ್ಜೆಯ ಬಾಳಿನಲ್ಲಿ ನನಗೆ ಅತ್ಯಂತ ದಿಟ್ಟವಾಗಿ ಕಾಣುವ ಪ್ರಕಟಣೆ ಇದು. ೧೯೮೧ರಲ್ಲಿ, ದಶಕಗಳ ಕಾಲ ದೂರವಾಗಿದ್ದ ಜಾಂಗ್ ಬ್ರಸೆಲ್ಸ್‌ಗೆ ಬಂದು ಗೆಳೆಯರು ಮತ್ತೆ ಕೂಡಿದರು. ೧೯೮೩ರ ಮಾರ್ಚ್ ೩ರಂದು ಎರ್ಜೆ ತೀರಿಕೊಂಡನು. ತನ್ನ ಅನಂತರ ಟಿನ್‌ಟಿನ್ ಕಥೆಗಳನ್ನು ಬೇರೆಯವರು ಮುಂದುವರಿಸಕೂಡದೆಂಬುದು ಅವನ ಇಚ್ಛೆಯಾಗಿತ್ತು. ಅರೆಬರೆಯಾಗಿದ್ದ ಕೊನೆಯ ಕಥೆ ೧೯೮೬ರಲ್ಲಿ ಕರಡಿನ ರೂಪದಲ್ಲಿಯೇ ಪುಸ್ತಕವಾಯಿತು. ತಿದ್ದದ ಮೊದಲ ಕಥೆ, ತಿದ್ದಲಾಗದ ಕೊನೆಯ ಕಥೆ: ಇವೆರಡರ ನಡುವೆ ಅವನ ಬಾಳೆಲ್ಲ ಇದೆ.

ಬಿಡಿ ಸಂಚಿಕೆಯನ್ನು ಬಿಟ್ಟು ಸಂಪುಟಕ್ಕೆ ಹೋಗುವ ಓದುಗ ನಷ್ಟಪಡುತ್ತಾನೆಯೆ? ನಾನು ಹಾಗೆ ಹೇಳಲಾರೆ. ಸಂಪುಟವಿಲ್ಲದಿದ್ದರೆ ಎರ್ಜೆ ರದ್ದಿಯೊಡನೆ ರದ್ದಿಯಾಗಿ ಹೋಗುತ್ತಿದ್ದನು. ಈಗಂತೂ ಪುಸ್ತಕ ಪರದೆಯ ಮೇಲೆಯೇ ಬೆಳಗುತ್ತದೆ. ಅಲ್ಲಿ ತಿದ್ದಿದ ಗುರುತೂ ಉಳಿಯದಂತೆ ತಿದ್ದಬಹುದು. ತಿದ್ದಿಕೊಳ್ಳುವುದು ಲೇಖಕನ ಹಕ್ಕು, ಒಮ್ಮೊಮ್ಮೆ ಅವನ ಕರ್ತವ್ಯ. ಆದರೆ ಏನನ್ನು ತಿದ್ದಿದನೆಂದು ತಿಳಿಯುವ ಹಕ್ಕು ಓದುಗನದು. ಅದಕ್ಕೆ ಹಳೆಯ ಹಾಳೆಗಳು ಎಲ್ಲಾದರೂ ಉಳಿದಿರಬೇಕು.

ನಮ್ಮ ತಾಯಿಯವರ ಖಾಕಿ ಬೈಂಡಿನ ಪುಸ್ತಕ ಈಗಲೂ ನನ್ನ ಬಳಿ ಇದೆ. ಹಾಳೆಗಳು ಹಳದಿಯಾಗಿವೆ, ದಾರ ಸಡಿಲವಾಗಿದೆ. ಅಚ್ಚಾದ ಪುಸ್ತಕ ಕಪಾಟಿನಲ್ಲಿ ಅದರ ಮಗ್ಗುಲಲ್ಲಿಯೇ ಇದೆ. ಬಿಟ್ಟುಹೋದ ಆ ಅಧ್ಯಾಯವನ್ನು ಓದಬೇಕೆನಿಸಿದಾಗ ನಾನು ತೆಗೆಯುವುದು ಹಳೆಯದನ್ನೇ.