ಉಂಗುರ ಇಲ್ಲದಿದ್ರೆ ಮಾತು ನಡೆಯಲ್ಲ: ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಒಡವೆಗಳು

ಮೈಸೂರು ಅರಮನೆಯ ದಸರೆಯಲ್ಲಿ 'ಕಾಯೌ ಶ್ರೀ ಗೌರಿ' ಕೇಳಿದವರು ನಮ್ಮಲ್ಲಿ ಬಹಳ ಜನ ಇದ್ದೀವಿ. ಬರೆದವರು ಯಾರು ಅಂದ್ರೆ ಮಾತ್ರ ಎಲ್ಲರ ಕೈಯೂ ಮೊಬೈಲಿಗೆ ಹೋಗುತ್ತೆ. ಅವರು ಬಸವಪ್ಪ ಶಾಸ್ತ್ರಿಗಳು.

ಹುಟ್ಟಿದ್ದು 1843ರಲ್ಲಿ. ತಂದೆ ಮಹಾದೇವ ಶಾಸ್ತ್ರಿಗಳು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದವರು. ಮಗನೂ ಅರಮನೆಯ ಆಶ್ರಯದಲ್ಲೇ ಬೆಳೆದರು. ಮುಂದೆ ಚಾಮರಾಜೇಂದ್ರ ಒಡೆಯರ ಕಾಲಕ್ಕೆ ಅರಮನೆಯದೇ ನಾಟಕ ಮಂಡಳಿ ಶುರುವಾಯ್ತು. ಆಡೋಕೆ ಕನ್ನಡ ನಾಟಕ ಬೇಕಲ್ಲ? ಶಾಸ್ತ್ರಿಗಳು ಸಂಸ್ಕೃತದಿಂದ ಒಂದರ ಹಿಂದೆ ಒಂದು ತಂದರು. ಶಾಕುಂತಲದಿಂದ ಬಂದ ಹೆಸರೇ ದೊಡ್ಡದು. 'ಅಭಿನವ ಕಾಳಿದಾಸ' ಅನ್ನೋ ಬಿರುದು ಮಹಾರಾಜರೇ ಕೊಟ್ಟದ್ದು.

ಆ ನಾಟಕದ ನಡುವೆ ಕೂತಿರೋದು ಒಂದು ಉಂಗುರ. ಮಹಾಭಾರತದ ಶಕುಂತಲೆಗೆ ಉಂಗುರವೇ ಇಲ್ಲ. ಅಲ್ಲಿ ಅವಳು ತುಂಬಿದ ಸಭೆಯಲ್ಲಿ ನಿಂತು ವಾದ ಮಾಡ್ತಾಳೆ, ಕೊನೆಗೆ ಆಕಾಶವಾಣಿ ಸಾಕ್ಷಿ ಹೇಳುತ್ತೆ. ಕಾಳಿದಾಸ ದೂರ್ವಾಸರ ಶಾಪ ತಂದ, ರಾಜನ ಹೆಸರಿದ್ದ ಉಂಗುರ ತಂದ. ಕೊಟ್ಟಾಗ ಅದು ಪ್ರೀತಿಯ ಗುರುತು. ಆಸ್ಥಾನಕ್ಕೆ ಬರೋ ಹೊತ್ತಿಗೆ ಒಟಿಪಿ ಆಗಿಬಿಟ್ಟಿರುತ್ತೆ: ತೋರಿಸಿದ್ರೆ ಹೆಂಡತಿ, ಇಲ್ಲದಿದ್ರೆ ಯಾರೋ ಹೆಂಗಸು. ಗರ್ಭಿಣಿ ಎದುರು ನಿಂತಿದ್ದರೂ ಅವಳ ಮಾತು ಲೆಕ್ಕಕ್ಕಿಲ್ಲ. ತಪ್ಪು ಶಾಪದ್ದು, ರಾಜನದ್ದಲ್ಲ ಅಂತ ಕಾಳಿದಾಸ ಹೇಳಿದರೂ ನಮಗೆ ಪೂರ್ತಿ ಸಮಾಧಾನವಿಲ್ಲ.

ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕ ಬೆಸ್ತನ ಕಥೆಯೂ ಅದೇ. ನಿಜ ಹೇಳಿದರೂ ಕಳ್ಳ ಅಂತ ಕಾವಲಿನವರು ಎಳ್ಕೊಂಡು ಹೋಗ್ತಾರೆ. ಬಿಡಿಸೋದೂ ಉಂಗುರವೇ. ಅದರ ಬೆಲೆಯಷ್ಟು ಇನಾಮು ಬಂದ್ರೆ, ಅರ್ಧ ಅದೇ ಕಾವಲಿನವರ ಪಾಲು! ಒಬ್ಬರು ಹೆಂಗಸು, ಒಬ್ಬ ಬಡವ. ಇಬ್ಬರ ಬಾಯಿಮಾತಿಗಿಂತ ಒಡವೆಗೇ ತೂಕ.

ಶಾಸ್ತ್ರಿಗಳು ತಂದ ಬೇರೆ ನಾಟಕಗಳಲ್ಲೂ ಒಡವೆ ಸುಮ್ಮನಿರಲ್ಲ. ವಿಕ್ರಮೋರ್ವಶೀಯದಲ್ಲಿ ಬಳ್ಳಿಯಾದ ಊರ್ವಶಿಯನ್ನು ವಾಪಸ್ ತರೋದು ಒಂದು ಮಣಿ. ರತ್ನಾವಳಿಯಲ್ಲಿ ಹಡಗು ಒಡೆದು, ಅರಮನೆಯಲ್ಲಿ ಸೇವಕಿಯಾಗಿದ್ದವಳು ಸಿಂಹಳದ ರಾಜಕುಮಾರಿ ಅಂತ ಗುರುತಾಗೋದು ರತ್ನದ ಹಾರದಿಂದ.

ಶಾಸ್ತ್ರಿಗಳಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಆದರೂ ಸಿ. ಸುಬ್ಬರಾಯರ ನೆರವಿನಿಂದ ಷೇಕ್ಸ್‌ಪಿಯರನ ಒಥೆಲೊವನ್ನು 'ಶೂರಸೇನ ಚರಿತ್ರೆ' ಮಾಡಿದರು. ಮೂಲದಲ್ಲಿರೋದು ಒಡವೆಯಲ್ಲ, ಗಂಡ ಕೊಟ್ಟ ಕರವಸ್ತ್ರ. ಶಾಕುಂತಲದಲ್ಲಿ ಗುರುತು ಮೀನಿನ ಹೊಟ್ಟೆಯಿಂದಾದರೂ ವಾಪಸ್ ಬಂದು ನಿಜ ಹೇಳುತ್ತೆ. ಇಲ್ಲಿ ಅದು ಬೇರೆಯವನ ಕೈಗೆ ಸೇರಿ ಸುಳ್ಳು ಸಾಕ್ಷಿ ಆಗುತ್ತೆ, ಗಂಡ ಹೆಂಡತಿಯನ್ನು ಕೊಂದೇಬಿಡ್ತಾನೆ.

1891ರಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಇನ್ನೂ 50 ಕೂಡ ಆಗಿರಲಿಲ್ಲ.